ಮಗೂಗೆ ಮೊದಲನೇ ಸ್ಕೂಟರ್: ಮೂರು ಚಕ್ರದ್ದಾ, ಎರಡು ಚಕ್ರದ್ದಾ, ಸೀಟ್ ಇರೋದಾ?

ಸ್ಕೂಟರ್ ಅಂದ್ರೆ ಇಲ್ಲಿ ಪೆಟ್ರೋಲ್ ಹಾಕಿ ಓಡಿಸೋದಲ್ಲ, ಒಂದು ಕಾಲು ಹಲಗೆ ಮೇಲಿಟ್ಟು ಇನ್ನೊಂದು ಕಾಲಲ್ಲಿ ನೆಲ ಒದ್ಕೊಂಡು ಹೋಗ್ತಾರಲ್ಲ ಮಕ್ಕಳು, ಅದು. ನನ್ನ ಮಗಳಿಗೆ ಎರಡೂವರೆ ವರ್ಷ ಆದಾಗ ನಾವು ಮೊದಲನೇದು ತಂದ್ವಿ, ಅದರಲ್ಲಿ ಸೀಟ್ ಇತ್ತು, ಮುಂದೆ ಬುಟ್ಟಿ ಇತ್ತು, ಬಟನ್ ಒತ್ತಿದ್ರೆ ಹಾಡು ಬರ್ತಿತ್ತು, ಚಕ್ರದಲ್ಲೆಲ್ಲ ಲೈಟು. ಮನೆಗೆ ತಂದ ದಿನ ಖುಷಿಯೋ ಖುಷಿ. ಆದ್ರೆ ಹತ್ತು ದಿನ ಆದ್ಮೇಲೂ ಅವಳು ಅದನ್ನ ಓಡಿಸ್ತಾ ಇರಲಿಲ್ಲ, ಮೇಲೆ ಹತ್ತಿ ನಿಂತ್ಕೊಂಡು ಹಾಡಿನ ಬಟನ್ ಒತ್ತೋದು, ಯಾರಾದ್ರೂ ತಳ್ಳಿ ಅನ್ನೋದು, ಅಷ್ಟೇ. ಭಯ ಇರಬೇಕು, ಇನ್ನೂ ಚಿಕ್ಕೋಳು ಅಂದ್ಕೊಂಡ್ವಿ. ಒಂದಿನ ಅಕ್ಕನ ಮಗನ ಹಳೇ ಸ್ಕೂಟರ್ ಒಂದು ಮನೆಗೆ ಬಂತು, ಲೈಟಿಲ್ಲ ಏನಿಲ್ಲ, ಹಿಡಿಯ ರಬ್ಬರ್ ಕೂಡ ಸವೆದಿತ್ತು, ಅದನ್ನ ಹಿಡ್ಕೊಂಡು ಅವಳು ಒಂದೇ ವಾರದಲ್ಲಿ ಎರಡೂ ಕಾಲು ಮೇಲಿಟ್ಟು ಜಾರಿಕೊಂಡು ಹೋಗೋಕೆ ಶುರು ಮಾಡಿದ್ಲು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಗೊತ್ತಾಯ್ತು. ನಾವು ತಂದಿದ್ದು ನಾಲ್ಕು ಕೆಜಿ, ಹಳೇದು ಎರಡು ಕೆಜಿ. ಅವಳ ತೂಕ ಆಗ ಹನ್ನೆರಡು ಕೆಜಿ. ಅಂದ್ರೆ ತನ್ನ ಮೈತೂಕದ ಮೂರನೇ ಒಂದು ಭಾಗದಷ್ಟು ಭಾರದ ಗಾಡೀನ ಅವಳು ತಳ್ಳಬೇಕು, ತಿರುಗಿಸಬೇಕು, ಬಿದ್ರೆ ಎತ್ತಬೇಕು. ಅರವತ್ತು ಕೆಜಿ ಇರೋ ನಮಗೆ ಇಪ್ಪತ್ತು ಕೆಜಿ ಸ್ಕೂಟರ್ ಕೊಟ್ಟು ಒದ್ಕೊಂಡು ಹೋಗು ಅಂದ ಹಾಗೆ. ಇನ್ನೊಂದು ವ್ಯತ್ಯಾಸ ಅದು ತಿರುಗೋ ರೀತಿ, ಅದನ್ನ ಮುಂದೆ ಹೇಳ್ತೀನಿ. ಅವತ್ತಿಂದ ಯಾರೇ ಕೇಳಿದ್ರೂ ನಾನು ಹೇಳೋದು ಎರಡೇ ಮಾತು, ಮೊದಲು ಸ್ಕೂಟರಿನ ತೂಕ ನೋಡಿ, ಆಮೇಲೆ ಅದು ಹೇಗೆ ತಿರುಗತ್ತೆ ನೋಡಿ, ಬಣ್ಣ ಲೈಟು ಹಾಡು ಎಲ್ಲ ಅದಾದ್ಮೇಲೆ.

ಡಬ್ಬದ ಮೇಲೆ ವಯಸ್ಸನ್ನ ದೊಡ್ಡದಾಗಿ ಬರೆದಿರ್ತಾರೆ, 2+, 3+, 5+ ಅಂತ, ತೂಕಾನ ಎಲ್ಲೋ ಹಿಂದೆ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ. ನಾವು ಓದಬೇಕಾಗಿರೋದು ಆ ಸಣ್ಣ ಅಕ್ಷರಾನೇ. ಅಲ್ಲಿ ಎರಡು ತೂಕ ಇರತ್ತೆ, ಒಂದು ಗಾಡಿದು, ಇನ್ನೊಂದು ಎಷ್ಟು ಕೆಜಿ ಮಗೂನ ಹೊರತ್ತೆ ಅನ್ನೋದು. ಯುರೋಪಿನ ಆಟಿಕೆ ಸುರಕ್ಷತೆಯ ನಿಯಮ ಇಎನ್ 71ರಲ್ಲಿ ಆಟಿಕೆ ಸ್ಕೂಟರ್‌ಗಳನ್ನ ಎರಡು ಗುಂಪು ಮಾಡಿದ್ದಾರೆ, 20 ಕೆಜಿವರೆಗಿನ ಮಕ್ಕಳಿಗೆ ಒಂದು, 50 ಕೆಜಿವರೆಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಚಾರ್ಟ್ ಪ್ರಕಾರ 5 ವರ್ಷದ ಮಗೂನ ಮಧ್ಯಮ ತೂಕ ಸುಮಾರು 18 ಕೆಜಿ. ಹಾಗಾಗಿ 20 ಕೆಜಿ ಮಿತಿಯ ಸ್ಕೂಟರ್ ಎರಡು ವರ್ಷದ ಮಗೂಗೆ ಸರಿಯಾಗೇ ಇರತ್ತೆ, ಐದರ ಆಸುಪಾಸಿಗೆ ಅದರ ಕೆಲಸ ಮುಗಿಯತ್ತೆ. ನಾಲ್ಕು ವರ್ಷದ, ಸ್ವಲ್ಪ ಗಟ್ಟಿಮುಟ್ಟಾಗಿರೋ ಮಗೂಗೆ ಅದನ್ನ ತಗೊಂಡ್ರೆ ಒಂದು ವರ್ಷ ಬರೋದೂ ಕಷ್ಟ. ದೊಡ್ಡ ಮಕ್ಕಳು ಬಂದು ಹತ್ತಿ ಕುಣೀತಾರೆ ಅನ್ನೋದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ, ಅದು ಎಲ್ಲ ಮನೇಲೂ ಆಗತ್ತೆ.

ಸರಿ, ಮೂರು ಚಕ್ರದ್ದು. ಇದರಲ್ಲೇ ಎರಡು ಜಾತಿ ಇದೆ, ಹೊರಗಿಂದ ನೋಡಿದ್ರೆ ಒಂದೇ ಥರ ಕಾಣೋದ್ರಿಂದ ಜನ ಇಲ್ಲೇ ತಪ್ಪು ಮಾಡೋದು.

ಮೊದಲನೇದು ವಾಲಿಸಿ ತಿರುಗಿಸೋದು. ಮುಂದೆ ಎರಡು ಚಕ್ರ, ಹಿಂದೆ ಒಂದು. ಇದರ ಹ್ಯಾಂಡಲ್ ಸೈಕಲ್ ಥರ ತಿರುಗಲ್ಲ, ಗಟ್ಟಿಯಾಗಿ ನಿಂತಿರತ್ತೆ, ಮಗು ಎಡಕ್ಕೆ ಹೋಗಬೇಕಂದ್ರೆ ಹ್ಯಾಂಡಲನ್ನ ಮೈ ಜೊತೆಗೆ ಎಡಕ್ಕೆ ವಾಲಿಸಬೇಕು, ಆಗ ಮುಂದಿನ ಎರಡೂ ಚಕ್ರ ಸ್ವಲ್ಪ ಸ್ವಲ್ಪವಾಗಿ ಆ ಕಡೆ ತಿರುಗತ್ವೆ. 1990ರ ದಶಕದ ಕೊನೇಲಿ ಸ್ವಿಟ್ಜರ್ಲೆಂಡಿನ ವಿಮ್ ಔಬೊಟರ್ ಅವರ ಮೈಕ್ರೋ ಕಂಪನಿ ಕಿಕ್‌ಬೋರ್ಡ್ ಅಂತ ಮೂರು ಚಕ್ರದ ಗಾಡಿ ತಂದಿತ್ತು, ಅದೂ ಇದೇ ಥರ ವಾಲಿಸಿ ತಿರುಗಿಸೋದೇ, ಆಮೇಲೆ ಅವರದೇ ಮಿನಿ ಮೈಕ್ರೋ ಅನ್ನೋ ಚಿಕ್ಕ ಮಕ್ಕಳ ಸ್ಕೂಟರ್ ಬಂತು, ಈಗ ಬೇರೆ ಎಷ್ಟೋ ಕಂಪನಿಯವರು ಇದೇ ರೀತಿ ಮಾಡ್ತಾರೆ.

ಎರಡನೇದು ಹ್ಯಾಂಡಲ್ ತಿರುಗಿಸೋದು, ಸಾಮಾನ್ಯವಾಗಿ ಮುಂದೆ ಒಂದು ಚಕ್ರ ಹಿಂದೆ ಎರಡು ಇರತ್ತೆ. ನೋಡೋಕೆ ಇದೇ ಸುಲಭ ಅನ್ಸತ್ತೆ, ದೊಡ್ಡವರಾದ ನಮಗೆ ಸೈಕಲ್ ಅಭ್ಯಾಸ ಇರೋದ್ರಿಂದ ಇದೇ ಸಹಜ ಅನ್ಸತ್ತೆ. ಆದ್ರೆ ಚಿಕ್ಕ ಮಗು ಏನು ಮಾಡತ್ತೆ ಅಂದ್ರೆ, ಸ್ವಲ್ಪ ವೇಗ ಬಂದ ತಕ್ಷಣ ಏನೋ ಕಂಡು ಹ್ಯಾಂಡಲನ್ನ ಗಕ್ಕನೆ ಪೂರ್ತಿ ತಿರುಗಿಸಿಬಿಡತ್ತೆ. ಆಗ ಮುಂದಿನ ಒಂಟಿ ಚಕ್ರ ಅಡ್ಡ ನಿಲ್ಲತ್ತೆ, ಗಾಡಿ ನಿಂತ್ಬಿಡತ್ತೆ, ಮಗು ಮಾತ್ರ ನೇರ ಹೋಗತ್ತೆ. ವಾಲಿಸೋ ಸ್ಕೂಟರಲ್ಲಿ ಚಕ್ರ ಅಷ್ಟು ಅಡ್ಡ ತಿರುಗೋದೇ ಇಲ್ಲ, ಅಗಲವಾಗಿ ಸುತ್ತು ಹೊಡೆದುಕೊಂಡೇ ತಿರುಗೋದು. ಅದೇ ಅದರ ಕೊರತೆ ಕೂಡ, ಇಕ್ಕಟ್ಟಾದ ಜಾಗದಲ್ಲಿ ಬೇಗ ತಿರುಗಲ್ಲ, ಮಗು ಇಳಿದು ಎತ್ತಿ ತಿರುಗಿಸ್ಕೋಬೇಕು, ಅದಕ್ಕೇ ತೂಕ ಕಮ್ಮಿ ಇರಬೇಕು ಅಂತ ನಾನು ಅಷ್ಟು ಒತ್ತಿ ಹೇಳಿದ್ದು.

ಇನ್ನೊಂದು ವಿಷಯ ಅಂಗಡೀಲಿ ನಿಂತು ನೋಡಿದ್ರೆ ಗೊತ್ತಾಗಲ್ಲ, ಓಡಿಸಿದಾಗ್ಲೇ ಗೊತ್ತಾಗೋದು. ಹಿಂದೆ ಎರಡು ಚಕ್ರ ಇದ್ದಾಗ ಒದೆಯೋ ಕಾಲು ಹಿಂದಕ್ಕೆ ಹೋದಾಗ ಹಿಮ್ಮಡಿ ಹೋಗಿ ಚಕ್ರಕ್ಕೆ ತಗಲತ್ತೆ. ಎರಡು ಮೂರು ಸಲ ಪೆಟ್ಟಾದ್ರೆ ಮಗು ಕಾಲನ್ನ ದೂರ ಇಟ್ಟು ಸೊಂಟ ಓರೆ ಮಾಡ್ಕೊಂಡು ಒದೆಯೋಕೆ ಶುರು ಮಾಡತ್ತೆ, ಬ್ಯಾಲೆನ್ಸ್ ಕಲಿಯೋದೇ ಇಲ್ಲ. ನಾವು ಮೊದಲು ತಂದಿದ್ದು ಈ ಥರದ್ದೇ. ಹಾಗಾಗಿ ಎರಡರಿಂದ ನಾಲ್ಕು ವರ್ಷದ ಒಳಗಿನ ಮಗೂಗೆ ಮೊದಲನೇದು ಅಂದ್ರೆ ಮುಂದೆ ಎರಡು, ಹಿಂದೆ ಒಂದು, ವಾಲಿಸಿ ತಿರುಗಿಸೋದು, ನನ್ನ ಆಯ್ಕೆ ಇದೇ. ಮೊದಲ ಎರಡು ಮೂರು ದಿನ ಮಗೂಗೆ ಅದು ಅರ್ಥ ಆಗಲ್ಲ, ನೇರ ಹೋಗಿ ಗೋಡೆಗೆ ತಾಗಿ ನಿಲ್ಲತ್ತೆ, ಹ್ಯಾಂಡಲ್ ತಿರುಚೋಕೆ ನೋಡತ್ತೆ, ನೀವು ಗಾಬರಿ ಆಗ್ಬೇಡಿ. ನೀವೇ ಮುಂದೆ ನಿಂತು ಎರಡೂ ಕೈ ಅಗಲ ಮಾಡಿ ವಿಮಾನದ ಥರ ಆ ಕಡೆ ಈ ಕಡೆ ವಾಲಿ ತೋರಿಸಿ, ಬಾಯಲ್ಲಿ ಹೇಳೋದಕ್ಕಿಂತ ಅದು ಬೇಗ ಹತ್ತತ್ತೆ.

ಗ್ಲೋಬರ್ ಥರದ ಕೆಲವು ಕಂಪನಿಗಳ ಸ್ಕೂಟರಲ್ಲಿ ಒಂದು ಲಾಕ್ ಬಟನ್ ಇರತ್ತೆ, ಒತ್ತಿದ್ರೆ ತಿರುಗೋದು ನಿಂತು ನೇರ ಮಾತ್ರ ಹೋಗತ್ತೆ. ಕಾಲಲ್ಲಿ ಒದೆಯೋದು ಮೊದಲು ಕಲೀಲಿ, ತಿರುಗೋದು ಆಮೇಲೆ ಅಂತ. ಇದ್ರೆ ಒಳ್ಳೇದೇ, ಒಂದು ಎರಡು ವಾರ ಉಪಯೋಗ ಆಗತ್ತೆ, ಇಲ್ಲ ಅಂತ ಒಳ್ಳೇ ಸ್ಕೂಟರ್ ಬಿಡೋ ಅಷ್ಟು ದೊಡ್ಡ ವಿಷಯ ಅಲ್ಲ.

ಈಗ ಸೀಟ್ ಇರೋದು. ಒಂದೂವರೆ ವರ್ಷದಿಂದ ಆರು ವರ್ಷದವರೆಗೂ ಬರತ್ತೆ, ಮೊದಲು ಕೂತ್ಕೊಳ್ಳೋ ಗಾಡಿ, ಆಮೇಲೆ ನಿಂತು ಓಡಿಸೋ ಸ್ಕೂಟರ್, ದುಡ್ಡು ಉಳಿಯತ್ತೆ ಅಂತ ಅನ್ಸತ್ತೆ. ತೊಂದ್ರೆ ಏನಂದ್ರೆ ಒಂದೂವರೆ ವರ್ಷದ ಮಗು ಕೂತ್ಕೊಂಡು ಎರಡೂ ಕಾಲಲ್ಲಿ ನಡೆಸಬೇಕು, ಮಧ್ಯದಲ್ಲಿ ನಿಲ್ಲೋಕೆ ಅಂತ ಮಾಡಿರೋ ಅಗಲವಾದ ಹಲಗೆ ಇರತ್ತೆ, ಅದರ ಆಚೆ ಈಚೆ ಕಾಲು ಅಗಲಿಸ್ಕೊಂಡು ನಡೀಬೇಕು, ಪಾಪ ಆ ಪುಟ್ಟ ಕಾಲಿಗೆ ನೆಲ ಸರಿಯಾಗಿ ಸಿಗಲ್ಲ. ಸೀಟ್ ಕೂರಿಸೋ ಕಂಬ, ಅದರ ಲಾಕು, ಗಟ್ಟಿ ಹಲಗೆ ಇದೆಲ್ಲ ಸೇರಿ ತೂಕ ಜಾಸ್ತಿ ಆಗಿರತ್ತೆ, ಸೀಟ್ ತೆಗೆದ ಮೇಲೂ ಆ ತೂಕದಲ್ಲಿ ಸುಮಾರು ಹಾಗೇ ಉಳಿಯತ್ತೆ. ಎರಡು ವರ್ಷದ ಒಳಗಿನ ಮಗು ಅಂದ್ರೆ ನಾನಾದ್ರೆ ಕೂತು ತಳ್ಳಿಕೊಂಡು ಹೋಗೋ ಚಿಕ್ಕ ಗಾಡಿ ಕೊಡಿಸ್ತೀನಿ ಇಲ್ಲಾ ಪೆಡಲ್ ಇಲ್ಲದ ಬ್ಯಾಲೆನ್ಸ್ ಬೈಕ್ ಕೊಡಿಸ್ತೀನಿ, ಸ್ಕೂಟರಿಗೆ ಆರು ತಿಂಗಳು ಕಾಯ್ತೀನಿ. ಈಗಾಗ್ಲೇ ಮನೇಲಿ ಸೀಟ್ ಇರೋದು ಇದ್ರೆ ಬಿಸಾಡ್ಬೇಡಿ, ಎರಡು ವರ್ಷ ದಾಟಿದ ಕೂಡ್ಲೇ ಸೀಟ್ ಬಿಚ್ಚಿ ಎತ್ತಿಟ್ಬಿಡಿ, ಸೀಟ್ ಕಣ್ಣಿಗೆ ಕಾಣ್ತಾ ಇದ್ರೆ ಮಗು ನಿಲ್ಲೋಕೇ ಹೋಗಲ್ಲ.

ಎರಡು ಚಕ್ರದ್ದು, ಮಡಚೋ ಅಲ್ಯೂಮಿನಿಯಂ ಸ್ಕೂಟರ್, ರೇಜರ್ ಅನ್ನೋ ಕಂಪನಿ ಹೆಸರು ಹೇಳಿದ್ರೆ ಎಷ್ಟೋ ಜನಕ್ಕೆ ನೆನಪಾಗೋದು ಅದೇ. 2000ದಲ್ಲಿ ಇದು ಅಮೆರಿಕದಲ್ಲಿ ಒಂದೇ ಸಲಕ್ಕೆ ಹರಡಿದಾಗ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 8 ವರ್ಷದ ಒಳಗಿನ ಮಕ್ಕಳು ದೊಡ್ಡವರ ಕಣ್ಗಾವಲು ಇಲ್ಲದೆ ಇದನ್ನ ಓಡಿಸಬಾರದು ಅಂತ ಹೇಳಿತ್ತು, ಈಗಲೂ ಆ ಮಾತು ಇಟ್ಕೊಳ್ಳೋದು ಒಳ್ಳೇದು. ಇದರ ಚಕ್ರ ಸುಮಾರು 98 ಮಿಲಿಮೀಟರ್, ಚಿಕ್ಕದು, ಗಟ್ಟಿ. ನಯವಾದ ನೆಲದಲ್ಲಿ ಹಾರ್ಕೊಂಡು ಹೋಗತ್ತೆ, ಸಣ್ಣ ಕಲ್ಲು ಸಿಕ್ರೆ ಅಲ್ಲೇ ಕಚ್ಚಿಕೊಳ್ಳತ್ತೆ. ಸಾಮಾನ್ಯವಾಗಿ ಐದು ವರ್ಷದ ಮೇಲೆ ಅಂತ ಹೇಳ್ತಾರೆ, ಅದು ಸರೀನೇ. ಆದ್ರೆ ನಾಲ್ಕು ವರ್ಷಕ್ಕೇ ಬ್ಯಾಲೆನ್ಸ್ ಬೈಕಲ್ಲಿ ಎರಡೂ ಕಾಲೆತ್ತಿ ಇಳಿಜಾರಲ್ಲಿ ಹೋಗೋ ಮಗು ಇದ್ರೆ ಅದಕ್ಕೆ ಮೂರು ಚಕ್ರ ಕೊಡಿಸೋ ಅವಶ್ಯಕತೆ ನನಗೆ ಕಾಣಲ್ಲ, ಬ್ಯಾಲೆನ್ಸ್ ಆಗ್ಲೇ ಬಂದಿದೆ, ನೇರವಾಗಿ ಎರಡು ಚಕ್ರ ಕೊಡಿ, ಚಕ್ರ ಸ್ವಲ್ಪ ದೊಡ್ಡದಿರೋದು, 125 ಮಿಲಿಮೀಟರ್ ಆಸುಪಾಸಿಂದು ನೋಡಿ. 200 ಮಿಲಿಮೀಟರ್ ಚಕ್ರದ್ದು ಕಲ್ಲು ಗುಂಡಿ ಎಲ್ಲ ಚೆನ್ನಾಗಿ ದಾಟತ್ತೆ, ಆದ್ರೆ ಭಾರ, ಚಿಕ್ಕ ಮಗೂಗಲ್ಲ.

ಸ್ಟಂಟ್ ಸ್ಕೂಟರ್ ಬಗ್ಗೆ ಒಂದೇ ಮಾತು, ಮಗೂನ ಮೊದಲನೇ ಸ್ಕೂಟರಾಗಿ ಅದು ಬೇಡ. ಮಡಚೋಕಾಗಲ್ಲ, ಹ್ಯಾಂಡಲ್ ಎತ್ತರ ಬದಲಾಯಿಸೋಕಾಗಲ್ಲ, ಹಾರೋ ಕೆಲಸಕ್ಕೆ ಅಂತ ಗಟ್ಟಿಯಾಗಿ ಭಾರವಾಗಿ ಮಾಡಿರ್ತಾರೆ. ಬ್ಯಾಟರಿ ಸ್ಕೂಟರ್ ಅಂತೂ ಈ ವಯಸ್ಸಲ್ಲಿ ಮಾತೇ ಇಲ್ಲ. ಒದ್ದಷ್ಟೇ ಹೋಗೋ ಗಾಡೀಲಿ ಮಗೂನ ವೇಗ ಮಗೂನ ಕಾಲಲ್ಲೇ ಇರತ್ತೆ, ಕಲಿಯೋದು ಅಲ್ಲಿಂದಾನೇ.

ಹಲಗೆ ಅಂದ್ರೆ ನಿಲ್ಲೋ ಜಾಗ, ಡೆಕ್ ಅಂತಾರೆ. ಇದು ನೆಲಕ್ಕೆ ಎಷ್ಟು ಹತ್ತಿರ ಇದ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಒಂದು ಕಾಲು ನೆಲಕ್ಕೆ ಹೋಗ್ಬೇಕಂದ್ರೆ ಮೇಲಿರೋ ಕಾಲಿನ ಮಂಡಿ ಅಷ್ಟು ಬಗ್ಗಬೇಕು, ಎತ್ತರ ಜಾಸ್ತಿ ಆದ್ರೆ ಪ್ರತಿ ಒದೆತಕ್ಕೂ ಅರ್ಧ ಬಸ್ಕಿ ಹೊಡೆದ ಹಾಗಾಗತ್ತೆ, ಐದು ನಿಮಿಷಕ್ಕೆ ಮಗೂಗೆ ಸುಸ್ತು. ಫೈಬರ್ ಸೇರಿಸಿದ ಪ್ಲಾಸ್ಟಿಕ್ ಹಲಗೆ ಸ್ವಲ್ಪ ಬಳುಕತ್ತೆ, ನೆಲದ ಅದುರು ಕಾಲಿಗೆ ಕಮ್ಮಿ ತಟ್ಟತ್ತೆ, ಹಗುರ ಕೂಡ. ಅಲ್ಯೂಮಿನಿಯಂ ಬಳುಕಲ್ಲ. ಮೇಲೆ ಮರಳು ಕಾಗದದ ಥರ ಗ್ರಿಪ್ ಅಂಟಿಸಿರ್ತಾರಲ್ಲ, ಅದು ಬರಿಗಾಲಿಗೆ ಮಂಡಿಗೆ ತರಚತ್ತೆ, ಚಿಕ್ಕ ಮಕ್ಕಳದ್ದಕ್ಕೆ ರಬ್ಬರಿನ ಉಬ್ಬು ಇರೋದು ಸಾಕು.

ಹ್ಯಾಂಡಲ್ ಎತ್ತರ ಮಗೂನ ಸೊಂಟಕ್ಕೂ ಎದೆಗೂ ಮಧ್ಯೆ ಬರಬೇಕು. ಗಲ್ಲದ ಹತ್ತಿರ ಬರೋದಿದ್ರೆ ಬೇಡ, ಬೆಳೀತಾಳೆ ಬಿಡು ಅಂತ ತರೋ ಬಟ್ಟೆ ಲೆಕ್ಕ ಇಲ್ಲಿ ನಡೆಯಲ್ಲ, ಮುಂದಕ್ಕೆ ಮುಗ್ಗರಿಸಿದ್ರೆ ಮೊದಲು ತಗಲೋದು ಬಾಯಿಗೆ. ಎತ್ತರ ಏರಿಸಿ ಇಳಿಸೋ ಹಾಗಿದ್ರೆ ಎರಡು ಮೂರು ವರ್ಷ ಬರತ್ತೆ, ಆದ್ರೆ ಆ ಕ್ಲ್ಯಾಂಪ್ ಗಟ್ಟಿಯಾಗಿದ್ಯಾ ಅಂತ ನೀವೇ ಹಿಡ್ಕೊಂಡು ಜೋರಾಗಿ ಕೆಳಗೆ ಅದುಮಿ ನೋಡಿ, ತಿರುಚಿ ನೋಡಿ. ಅಳ್ಳಾಡಿದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ. ಮಡಚೋ ಸ್ಕೂಟರ್ ಆದ್ರೆ ಕೀಲಿನ ಜಾಗದಲ್ಲಿ ಮಗೂನ ಬೆರಳು ಸಿಕ್ಕಿಕೊಳ್ಳೋ ಸಂದಿ ಇದ್ಯಾ ನೋಡಿ, ಒಂದೇ ಗುಂಡಿಗೆ ಮಡಚಿಕೊಳ್ಳೋದು ಬೇಡ, ಮಗು ಆಟದಲ್ಲಿ ಒತ್ತಿಬಿಡತ್ತೆ. ಮಡಚೋಕಾಗದಿದ್ರೂ ಹ್ಯಾಂಡಲ್ ಕಳಚೋ ಹಾಗಿದ್ರೆ ಸಾಗಿಸೋಕೆ ಸಾಕು. ಮಡಚೋದು ನಮ್ಮ ಅನುಕೂಲಕ್ಕೆ, ಮಗೂಗೆ ಅದರಿಂದ ಏನೂ ಇಲ್ಲ, ಅದಕ್ಕೋಸ್ಕರ ತೂಕ ಜಾಸ್ತಿ ತಗೋಬೇಡಿ.

ಚಕ್ರ. ಅಂಗಡಿ ನೆಲ ನಯವಾಗಿರತ್ತೆ, ಅಲ್ಲಿ ಎಂಥ ಚಕ್ರ ಆದ್ರೂ ಚೆನ್ನಾಗೇ ಉರುಳತ್ತೆ, ಹಾಗಾಗಿ ಅಲ್ಲಿ ಓಡಿಸಿ ನೋಡಿ ಮೋಸ ಹೋಗ್ಬೇಡಿ. ಉಗುರಲ್ಲಿ ಒತ್ತಿ ನೋಡಿ. ಪಾಲಿಯುರೆಥೇನ್, ಪಿಯು ಅಂತ ಬರೆದಿರ್ತಾರೆ, ಅದಾದ್ರೆ ಸ್ವಲ್ಪ ರಬ್ಬರಿನ ಹಾಗೆ ಮೆತ್ತಗೆ ಕೊಡತ್ತೆ, ಸದ್ದು ಕಮ್ಮಿ, ನೆಲ ಹಿಡ್ಕೊಳ್ಳತ್ತೆ. ಬರೀ ಗಟ್ಟಿ ಪ್ಲಾಸ್ಟಿಕ್ ಚಕ್ರ ಒರಟು ನೆಲದಲ್ಲಿ ಕಟಕಟ ಅನ್ನತ್ತೆ, ಕೈಯೆಲ್ಲ ಅದುರತ್ತೆ, ತಿರುವಲ್ಲಿ ಜಾರತ್ತೆ. ಮುಂದಿನ ಚಕ್ರ 120 ಮಿಲಿಮೀಟರ್ ಇರೋದು ಚಿಕ್ಕ ಮಕ್ಕಳಿಗೆ ಒಳ್ಳೇ ಅಳತೆ, ನೆಲದ ಬಿರುಕು, ಟೈಲ್ಸ್ ಸಂದಿ ದಾಟತ್ತೆ. ಲೈಟ್ ಬರೋ ಚಕ್ರಕ್ಕೆ ಬ್ಯಾಟರಿ ಬೇಕಾಗುತ್ತೇನೋ ಅಂತ ಕೆಲವರು ಅನುಮಾನ ಪಡ್ತಾರೆ, ಬಹುತೇಕ ಎಲ್ಲದ್ರಲ್ಲೂ ಮಧ್ಯೆ ಅಯಸ್ಕಾಂತ ಮತ್ತೆ ತಂತಿ ಸುರುಳಿ ಇರತ್ತೆ, ಚಕ್ರ ತಿರುಗಿದ್ರೇನೇ ಕರೆಂಟ್ ಹುಟ್ಟೋದು. ಮಸುಕು ಬೆಳಕಲ್ಲಿ ಮಗು ಎಲ್ಲಿದೆ ಅಂತ ಕಾಣೋಕೆ ಅದು ಒಳ್ಳೇದೇ, ನಾನು ಲೈಟಿಗೆ ವಿರೋಧಿ ಅಲ್ಲ. ಬೇರಿಂಗ್ ಎಬೆಕ್ 5, ಎಬೆಕ್ 7 ಅಂತ ಹೇಳಿ ಬೆಲೆ ಏರಿಸ್ತಾರೆ, ಆ ನಂಬರ್ ಬೇರಿಂಗ್ ಎಷ್ಟು ನಿಖರವಾಗಿ ಮಾಡಿದ್ದಾರೆ ಅನ್ನೋದಷ್ಟೇ, ಹದಿನೈದು ಕೆಜಿ ಮಗೂಗೆ ಅದರ ವ್ಯತ್ಯಾಸ ಗೊತ್ತೂ ಆಗಲ್ಲ.

ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರದ ಮೇಲೆ ಇರತ್ತೆ, ಕಾಲಲ್ಲಿ ಅದುಮೋದು. ಮೂರು ವರ್ಷದ ಮಗೂಗೆ ಅದು ಇದೆ ಅಂತ ನೀವು ನೆಮ್ಮದಿಯಿಂದ ಇರ್ಬೇಡಿ, ಒಂದು ಕಾಲು ಹಿಂದಕ್ಕೆ ಹುಡುಕಿ ಇಟ್ಟು ಭಾರ ಹಾಕೋದು ಆ ವಯಸ್ಸಿಗೆ ಬರಲ್ಲ, ಹೆಚ್ಚಿನ ಮಕ್ಕಳು ಚಪ್ಪಲಿ ಎಳೆದೇ ನಿಲ್ಲಿಸೋದು. ಅದಕ್ಕೇ ಮುಚ್ಚಿದ ಶೂ ಬೇಕು, ಇಳಿಜಾರು ಬೇಡ. ಮಳೆ ಬಂದು ನೆಲ ಒದ್ದೆ ಇದ್ದಾಗ ಪಿಯು ಚಕ್ರ ಜಾರತ್ತೆ, ಬ್ರೇಕೂ ಹಿಡಿಯಲ್ಲ, ಅವತ್ತು ರಜೆ.

ಹೆಲ್ಮೆಟ್ ಸ್ಕೂಟರಿನ ಜೊತೆಗೇ ಅದೇ ದಿನ ತಗೊಳ್ಳಿ, ಆಮೇಲೆ ಹಾಕಿಸ್ತೀನಿ ಅಂದ್ರೆ ಮಗು ಹಾಕಿಸ್ಕೊಳ್ಳಲ್ಲ, ಹೆಲ್ಮೆಟ್ ಇದ್ರೇನೇ ಸ್ಕೂಟರ್ ಅನ್ನೋದು ಮೊದಲನೇ ದಿನಾನೇ ಗೊತ್ತಾಗ್ಬೇಕು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಬೇಕು, ಹಣೆ ಪೂರ್ತಿ ಕಾಣೋ ಹಾಗೆ ಹಿಂದಕ್ಕೆ ಜಾರಿರ್ಬಾರದು, ಗಲ್ಲದ ಪಟ್ಟಿ ಒಳಗೆ ಒಂದು ಬೆರಳು ಹೋಗ್ಬೇಕು ಅಷ್ಟೇ. ಇಎನ್ 1078 ಅಂದ್ರೆ ಹೆಲ್ಮೆಟ್ಟಿನ ಯುರೋಪಿನ ನಿಯಮ, ಅದನ್ನ ಬರೆದಿರೋದು ಸೈಕಲ್, ಸ್ಕೂಟರಿಗೆಲ್ಲ ಆಗತ್ತೆ. ಚಿಕ್ಕ ಮಕ್ಕಳಿಗೆ ಅಂತ ಇಎನ್ 1080 ಬೇರೆ ಇದೆ, ಅದರ ಬಕಲ್ ಜೋರಾಗಿ ಎಳೆದ್ರೆ ತಾನೇ ಬಿಟ್ಕೊಳ್ಳತ್ತೆ. ಯಾಕಂದ್ರೆ ಮಕ್ಕಳು ಹೆಲ್ಮೆಟ್ ಹಾಕ್ಕೊಂಡೇ ಜಾರುಬಂಡಿ, ಏಣಿ ಹತ್ತೋಕೆ ಓಡ್ತಾರೆ, ಕಂಬಿ ಮಧ್ಯೆ ಹೆಲ್ಮೆಟ್ ಸಿಕ್ಕಿ ಮಗು ನೇತಾಡೋ ಹಾಗಾದ್ರೆ ಪ್ರಾಣಕ್ಕೇ ಬರತ್ತೆ. ನಿಮ್ಮ ಹತ್ರ ಯಾವ ಹೆಲ್ಮೆಟ್ ಇದ್ರೂ ಸ್ಕೂಟರಿಂದ ಇಳಿದು ಬೇರೆ ಆಟಕ್ಕೆ ಹೋಗೋ ಮುಂಚೆ ಬಿಚ್ಚಿಸಿ, ಇದನ್ನ ದಯವಿಟ್ಟು ಮರೀಬೇಡಿ. ಮಂಡಿ, ಮೊಣಕೈ ಪ್ಯಾಡ್ ಹಾಕಬಹುದು, ಮಣಿಕಟ್ಟಿನ ಗಾರ್ಡ್ ಮಾತ್ರ ಹಾಕಿದ್ರೆ ಹ್ಯಾಂಡಲ್ ಸರಿಯಾಗಿ ಹಿಡಿಯೋಕಾಗಲ್ಲ.

ಬೇರೆಯವರು ಉಪಯೋಗಿಸಿದ ಸ್ಕೂಟರ್ ತಗೋಬಹುದಾ ಅಂದ್ರೆ, ಧಾರಾಳವಾಗಿ. ಮಕ್ಕಳು ಬೇಗ ಬೆಳೀತಾರೆ, ಒಳ್ಳೇ ಗಾಡಿ ಎಷ್ಟೋ ಕಡೆ ಮೂಲೇಲಿ ಬಿದ್ದಿರತ್ತೆ. ಕೊಳಕು, ಗೀರು ಏನೂ ಅಲ್ಲ. ಹಲಗೆ ಕೆಳಗೆ ತಿರುಗಿಸಿ ಚಕ್ರದ ಕಂಬಿ ಸೇರೋ ಜಾಗದಲ್ಲಿ ಸಣ್ಣ ಬಿರುಕು ಇದ್ಯಾ ನೋಡಿ, ಇದ್ರೆ ಬೇಡ. ಬ್ರೇಕ್ ಅದುಮಿ ಬಿಟ್ರೆ ತಾನೇ ಮೇಲೆ ಬರಬೇಕು. ಚಕ್ರ ಸವೆದಿದ್ರೆ ಬದಲಾಯಿಸ್ಬಹುದು, ಹಗ್ಗ ಕೂದಲು ದಾರ ಸುತ್ತಿಕೊಂಡು ಬಿಗಿಯಾಗಿದ್ರೆ ಕತ್ತರಿಸಿ ತೆಗೆದ್ರೆ ಮತ್ತೆ ಮೊದಲಿನ ಹಾಗೆ ತಿರುಗತ್ತೆ. ಹೆಲ್ಮೆಟ್ ಮಾತ್ರ ಹಳೇದು ಬೇಡ, ಒಂದು ಸಲ ಬಿದ್ದು ಪೆಟ್ಟು ತಿಂದಿದ್ರೆ ಒಳಗಿನ ಫೋಮ್ ಒಡೆದಿರತ್ತೆ, ಹೊರಗೆ ಕಾಣಲ್ಲ.

ಹೊಸದಾಗ್ಲೀ ಹಳೇದಾಗ್ಲೀ ಮನೆಗೆ ಬಂದ ಒಂದು ವಾರಕ್ಕೆ ಎಲ್ಲ ಬೋಲ್ಟು ಅಲೆನ್ ಕೀ ಹಾಕಿ ಒಂದ್ಸಲ ಬಿಗಿ ಮಾಡಿ, ಅದುರಿ ಅದುರಿ ಸಡಿಲ ಆಗಿರತ್ತೆ. ನೀರು ಪೈಪ್ ಹಿಡಿದು ತೊಳೀಬೇಡಿ, ಬೇರಿಂಗ್ ತುಕ್ಕು ಹಿಡಿಯತ್ತೆ, ಒದ್ದೆ ಬಟ್ಟೇಲಿ ಒರೆಸಿ ಸಾಕು.

ಓಡಿಸೋಕೆ ಬಂದ ಮೇಲೆ ಮಗು ಯಾವಾಗ್ಲೂ ಒಂದೇ ಕಾಲಲ್ಲಿ ಒದೀತಾ ಇರತ್ತೆ, ಅದು ಸಹಜ. ಆದ್ರೂ ಸುಸ್ತಾದಾಗ ಕಾಲು ಬದಲಾಯಿಸು ಅಂತ ಆಟದ ಥರ ಹೇಳ್ತಾ ಇರಿ, ಇಲ್ಲಾಂದ್ರೆ ಒಂದೇ ಕಡೆ ಅಭ್ಯಾಸ ಆಗಿ ಆಮೇಲೆ ಇನ್ನೊಂದು ಕಾಲು ಬರೋದೇ ಇಲ್ಲ. ನನ್ನ ಮಗಳು ಈಗ ಐದು ದಾಟಿದಾಳೆ, ಎರಡು ಚಕ್ರದ್ದು ಬೇಕು ಅಂತ ಕೇಳ್ತಿದಾಳೆ. ನಾನು ನೋಡ್ತಿರೋದು ಒಂದೇ, ಎರಡೂ ಕಾಲು ಮೇಲಿಟ್ಟು ನಾನು ಒಂದು ಎರಡು ಮೂರು ನಾಲ್ಕು ಅಂತ ಎಣಿಸೋವರೆಗೂ ನೇರವಾಗಿ ಜಾರಿಕೊಂಡು ಹೋಗ್ತಾಳಾ, ಅದೂ ಕಾಲು ಬದಲಾಯಿಸಿ ಎರಡು ಕಡೆಯಿಂದಾನೂ. ಬಲಗಾಲಲ್ಲಿ ಒದ್ದಾಗ ನಾಲ್ಕರವರೆಗೂ ಹೋಗ್ತಾಳೆ, ಎಡಗಾಲಲ್ಲಿ ಇನ್ನೂ ಎರಡಕ್ಕೇ ಕಾಲು ಕೆಳಗೆ ಬರತ್ತೆ.